ಪರ್ಯಾಯ ಕ್ರಿಪ್ಟೋ ನಾಣ್ಯಗಳು: ಕಾವಲಿನ ಕೂಲಿ ಮತ್ತು ಲೆಕ್ಕದ ಭದ್ರತೆ

ಚೆಕ್ಕು ಕೊಟ್ಟು ಸರಕು ಕೇಳುವ ಹೊಸ ಗಿರಾಕಿಗೆ ಯಾವ ವರ್ತಕನೂ ಚೆಕ್ಕು ಪಾಸಾಗುವ ಮೊದಲು ಲಾರಿ ತುಂಬಿಸುವುದಿಲ್ಲ. ಹಣ ಖಾತೆಗೆ ಜಮೆಯಾಗಿ, ಅದು ಹಿಂದಿರುಗಿ ಹೋಗಲಾರದು ಎಂಬ ಖಾತ್ರಿಯಾದ ನಂತರವೇ ಮಾಲು ಗೋದಾಮಿನಿಂದ ಹೊರಡುತ್ತದೆ. ಕ್ರಿಪ್ಟೋ ನಾಣ್ಯಗಳ ವಿಷಯದಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಆಗಿದೆ: ಜಮೆಯಾದಂತೆ ತೋರುವ ಹಣ ಹಿಂದಕ್ಕೆ ಹೋಗದು ಎಂಬುದಕ್ಕೆ ಆಧಾರವೇನು? ಬಿಟ್‌ಕಾಯಿನ್‌ನ ನಂತರ ಹುಟ್ಟಿಕೊಂಡ ಸಾವಿರಾರು ಪರ್ಯಾಯ ನಾಣ್ಯಗಳ ಪೈಕಿ ಮೈನಿಂಗ್ ಪದ್ಧತಿಯನ್ನು ಅವಲಂಬಿಸಿರುವ ನಾಣ್ಯಗಳಲ್ಲಿ ಈ ಆಧಾರವು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೈನಿಂಗ್ ಎಂದರೇನು?

ಕ್ರಿಪ್ಟೋ ನಾಣ್ಯವೆಂದರೆ ಮೂಲತಃ ಒಂದು ಸಾರ್ವಜನಿಕ ಕಿರ್ದಿ ಪುಸ್ತಕ. ಯಾರಿಂದ ಯಾರಿಗೆ ಎಷ್ಟು ನಾಣ್ಯ ಸಂದಾಯವಾಯಿತು ಎಂಬುದು ಅದರಲ್ಲಿ ಅನುಕ್ರಮವಾಗಿ ದಾಖಲಾಗುತ್ತದೆ. ಪುಸ್ತಕದ ಒಂದೊಂದು ಪುಟಕ್ಕೆ ಬ್ಲಾಕ್ ಎಂದು ಹೆಸರು. ಈ ಪುಸ್ತಕವನ್ನು ಬರೆಯಲು ಬ್ಯಾಂಕಾಗಲೀ ಗುಮಾಸ್ತನಾಗಲೀ ಇರುವುದಿಲ್ಲ. ಹೊಸ ಪುಟವನ್ನು ಸೇರಿಸಲು ಇಚ್ಛಿಸುವವರು ತಮ್ಮ ಯಂತ್ರಗಳಿಂದ ಅಸಂಖ್ಯ ಬಾರಿ ಲೆಕ್ಕ ಹಾಕಿ ಒಂದು ಗಣಿತದ ಉತ್ತರವನ್ನು ಕಂಡುಹಿಡಿಯಬೇಕು. ಉತ್ತರವನ್ನು ಹುಡುಕುವುದು ದುಬಾರಿ. ಅದು ಸರಿಯೇ ಎಂದು ಪರೀಕ್ಷಿಸುವುದು ಸುಲಭ. ಮೊದಲು ಕಂಡುಹಿಡಿದವರಿಗೆ ಹೊಸ ನಾಣ್ಯಗಳೂ ಆ ಪುಟದ ವ್ಯವಹಾರಗಳ ಶುಲ್ಕವೂ ದೊರೆಯುತ್ತವೆ. ಈ ಕೆಲಸವೇ ಮೈನಿಂಗ್, ಮಾಡುವವರು ಗಣಿಗಾರರು.

2009ರ ಜನವರಿಯಲ್ಲಿ ಆರಂಭವಾದ ಬಿಟ್‌ಕಾಯಿನ್‌ನಲ್ಲಿ ಪ್ರತಿ ಪುಟಕ್ಕೆ 50 ನಾಣ್ಯಗಳ ಪ್ರತಿಫಲವಿತ್ತು. ಅದು ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅರ್ಧವಾಗುತ್ತಾ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಹತ್ತು ನಿಮಿಷಕ್ಕೊಂದು ಪುಟದಂತೆ ದಿನಕ್ಕೆ ಸುಮಾರು 450 ನಾಣ್ಯಗಳಾಗುತ್ತವೆ. ಈ ಪ್ರತಿಫಲವನ್ನು ಕೇವಲ ಲಾಭವೆಂದು ಭಾವಿಸುವುದು ತಪ್ಪು. ಅದು ಕಿರ್ದಿ ಪುಸ್ತಕಕ್ಕೆ ನೀಡುವ ಕಾವಲಿನ ಕೂಲಿ.

ಕಾವಲು ಸಡಿಲವಾದರೆ ಏನಾಗುತ್ತದೆ?

ಒಂದೇ ಕಿರ್ದಿಯ ಎರಡು ಪ್ರತಿಗಳು ಎದುರಾದಾಗ, ಯಾವುದರ ಹಿಂದೆ ಹೆಚ್ಚು ಲೆಕ್ಕದ ಶ್ರಮವಿದೆಯೋ ಅದನ್ನೇ ಎಲ್ಲರೂ ಒಪ್ಪಬೇಕೆಂಬುದು ನಿಯಮ. ಆದುದರಿಂದ ಒಟ್ಟು ಲೆಕ್ಕದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಪಡೆದವನು ಗುಪ್ತವಾಗಿ ಬೇರೊಂದು ಪ್ರತಿಯನ್ನು ಬರೆಯಬಲ್ಲನು. ಆತನು ಮೊದಲು ಬಹಿರಂಗ ಪುಸ್ತಕದಲ್ಲಿ ನಾಣ್ಯ ಸಂದಾಯ ಮಾಡಿ ಮಾಲನ್ನೋ ಬೇರೆ ನಾಣ್ಯವನ್ನೋ ಪಡೆಯುತ್ತಾನೆ. ಬಳಿಕ ಆ ಸಂದಾಯವೇ ಇಲ್ಲದ ತನ್ನ ಗುಪ್ತ ಪ್ರತಿಯನ್ನು ಪ್ರಕಟಿಸುತ್ತಾನೆ. ಅದರಲ್ಲಿ ಶ್ರಮ ಹೆಚ್ಚಿರುವುದರಿಂದ ಹಳೆಯ ಪುಟಗಳು ರದ್ದಾಗುತ್ತವೆ. ಇದನ್ನು ಶೇ. 51ರ ದಾಳಿ ಎನ್ನುತ್ತಾರೆ.

ಈ ದಾಳಿಯಿಂದ ಬೇರೊಬ್ಬರ ಖಾತೆಯಲ್ಲಿರುವ ನಾಣ್ಯವನ್ನು ಕದಿಯಲು ಬರುವುದಿಲ್ಲ. ದಾಳಿಕಾರನು ತಾನೇ ಮಾಡಿದ ಸಂದಾಯವನ್ನು ಮಾತ್ರ ಹಿಂಪಡೆಯಬಲ್ಲನು. ಆದ್ದರಿಂದ ನಷ್ಟಕ್ಕೆ ಗುರಿಯಾಗುವವರು ಆತನಿಂದ ಹಣ ಸ್ವೀಕರಿಸಿ ಮಾಲು ಕೊಟ್ಟವರು, ಅಂದರೆ ವಿನಿಮಯ ಕೇಂದ್ರಗಳು ಅಥವಾ ವರ್ತಕರು.

ನಡೆದ ಪ್ರಕರಣಗಳು

ಬಿಟ್‌ಕಾಯಿನ್‌ನಿಂದ 2017ರ ಅಕ್ಟೋಬರ್‌ನಲ್ಲಿ ಕವಲೊಡೆದ ಬಿಟ್‌ಕಾಯಿನ್ ಗೋಲ್ಡ್ ನಾಣ್ಯವು 2018ರ ಮೇ ತಿಂಗಳಿನಲ್ಲಿ ಇಂತಹ ದಾಳಿಗೆ ತುತ್ತಾಯಿತು. ಸುಮಾರು 3.88 ಲಕ್ಷ ನಾಣ್ಯಗಳು, ಅಂದಿನ ಬೆಲೆಯಲ್ಲಿ ಸುಮಾರು 1.8 ಕೋಟಿ ಡಾಲರ್, ವಿನಿಮಯ ಕೇಂದ್ರಗಳ ಕೈತಪ್ಪಿದವು.

2016ರಲ್ಲಿ ಇಥೀರಿಯಂನಿಂದ ಬೇರ್ಪಟ್ಟ ಇಥೀರಿಯಂ ಕ್ಲಾಸಿಕ್‌ನ ಪ್ರಕರಣ ಇನ್ನೂ ಬೋಧಪ್ರದವಾಗಿದೆ. 2019ರ ಜನವರಿಯಲ್ಲಿ ಒಮ್ಮೆ ದಾಳಿಗೊಳಗಾದ ಈ ನಾಣ್ಯದ ಮೇಲೆ 2020ರ ಆಗಸ್ಟ್ ಒಂದೇ ತಿಂಗಳಿನಲ್ಲಿ ಮೂರು ದಾಳಿಗಳು ನಡೆದವು. ಮೊದಲನೆಯ ದಾಳಿಯಲ್ಲಿ ಸುಮಾರು 3,700 ಪುಟಗಳು ಬದಲಾದವು. ಬಿಟ್‌ಕ್ವೆರಿ ಎಂಬ ವಿಶ್ಲೇಷಣಾ ಸಂಸ್ಥೆಯ ಅಂದಾಜಿನಂತೆ, ದಾಳಿಕಾರನು ಲೆಕ್ಕದ ಶಕ್ತಿಯನ್ನು ಬಾಡಿಗೆಗೆ ಪಡೆಯಲು ವೆಚ್ಚ ಮಾಡಿದ್ದು ಸುಮಾರು 1.9 ಲಕ್ಷ ಡಾಲರ್. ಎರಡು ಬಾರಿ ಖರ್ಚು ಮಾಡಿದ ನಾಣ್ಯಗಳ ಮೌಲ್ಯ ಸುಮಾರು 56 ಲಕ್ಷ ಡಾಲರ್. ಇದಲ್ಲದೆ, ಆತನ ಪ್ರತಿಯೇ ಅಧಿಕೃತವಾದ ಕಾರಣ ಆ ಪುಟಗಳ ಮೈನಿಂಗ್ ಪ್ರತಿಫಲವೂ ಆತನಿಗೇ ಸೇರಿತು.

ಇದು ಹೇಗೆ ಸಾಧ್ಯವಾಯಿತು? ಆ ಕಾಲದಲ್ಲಿ ಇಥೀರಿಯಂ ಮತ್ತು ಇಥೀರಿಯಂ ಕ್ಲಾಸಿಕ್ ಎರಡನ್ನೂ ಒಂದೇ ಬಗೆಯ ಯಂತ್ರಗಳಿಂದ ಮೈನ್ ಮಾಡಬಹುದಾಗಿತ್ತು. ದೊಡ್ಡ ನಾಣ್ಯದ ಶಕ್ತಿಯಲ್ಲಿ ಒಂದು ಸಣ್ಣ ಅಂಶ ಬಾಡಿಗೆಗೆ ದೊರೆತರೂ ಸಣ್ಣ ನಾಣ್ಯದ ಕಾವಲನ್ನು ಮೀರಿಸಲು ಅದು ಸಾಕಾಗುತ್ತಿತ್ತು. ಯಂತ್ರದ ಒಡೆಯನಿಗೆ ಸಣ್ಣ ನಾಣ್ಯದ ಏಳುಬೀಳಿನ ಗೊಡವೆ ಇರಲಿಲ್ಲ. ದಾಳಿಯ ನಂತರ ಅದರ ಬೆಲೆ ಕುಸಿದರೂ ಆತನ ಯಂತ್ರ ಮರುದಿನ ದೊಡ್ಡ ನಾಣ್ಯಕ್ಕೆ ದುಡಿಯಬಹುದಾಗಿತ್ತು.

ಭದ್ರತೆಯ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಒಂದು ನಾಣ್ಯದಲ್ಲಿ ಎರಡು ನಿಮಿಷಕ್ಕೊಂದು ಪುಟ, ಪುಟಕ್ಕೆ 10 ನಾಣ್ಯ ಪ್ರತಿಫಲ, ನಾಣ್ಯದ ಬೆಲೆ 100 ರೂ. ಎಂದಿಟ್ಟುಕೊಳ್ಳೋಣ. ಗಂಟೆಗೆ 30 ಪುಟಗಳು. ಒಟ್ಟು ಪ್ರತಿಫಲ 30,000 ರೂ. ಪೈಪೋಟಿಯಿರುವಲ್ಲಿ ಗಣಿಗಾರರು ವಿದ್ಯುತ್ತು ಮತ್ತು ಯಂತ್ರಕ್ಕೆ ಮಾಡುವ ವೆಚ್ಚ ಈ ಮೊತ್ತದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಅಷ್ಟೇ ಶಕ್ತಿಯನ್ನು ಅಥವಾ ತುಸು ಹೆಚ್ಚನ್ನು ಆರು ಗಂಟೆ ಬಾಡಿಗೆಗೆ ಪಡೆಯಲು ಸುಮಾರು 1.8 ಲಕ್ಷ ರೂ. ಸಾಕು. ಆರು ಗಂಟೆ ಕಾದು 50 ಲಕ್ಷ ರೂ. ಮೌಲ್ಯದ ಮಾಲನ್ನು ಕಳುಹಿಸಿದ ವರ್ತಕನು 1.8 ಲಕ್ಷದ ಬೀಗವನ್ನು ನಂಬಿ 50 ಲಕ್ಷದ ಮಾಲನ್ನು ಇಟ್ಟಂತಾಯಿತು. ನಾಣ್ಯದ ಬೆಲೆಯಾಗಲೀ ಪ್ರತಿಫಲವಾಗಲೀ ಅರ್ಧಕ್ಕೆ ಇಳಿದರೆ ಬೀಗದ ಬಲವೂ ಕ್ರಮೇಣ ಅರ್ಧವಾಗುತ್ತದೆ.

ಯಂತ್ರಗಳು ಬಾಡಿಗೆಗೆ ಸಿಗದಿದ್ದರೆ ದಾಳಿಕಾರನು ಅವನ್ನು ಕೊಳ್ಳಬೇಕಾಗುತ್ತದೆ; ಆಗ ವೆಚ್ಚ ಹಲವು ಪಟ್ಟು ಏರುತ್ತದೆ. ಆ ಯಂತ್ರಗಳು ಬೇರಾವ ನಾಣ್ಯಕ್ಕೂ ಬಳಕೆಯಾಗದಿದ್ದರೆ, ದಾಳಿಯಿಂದ ನಾಣ್ಯದ ಬೆಲೆ ಕುಸಿದಾಗ ಆತನ ಬಂಡವಾಳವೂ ಮುಳುಗುತ್ತದೆ. ಬಿಟ್‌ಕಾಯಿನ್‌ಗೆ ಇರುವ ರಕ್ಷಣೆ ಬಹುಮಟ್ಟಿಗೆ ಇದೇ.

ಪರಿಹಾರದ ಪ್ರಯತ್ನಗಳು

2013ರ ಡಿಸೆಂಬರ್‌ನಲ್ಲಿ ಆರಂಭವಾದ ಡೋಜ್‌ಕಾಯಿನ್‌ನ ಪ್ರತಿಫಲವು ಕೆಲವು ವಾರಗಳಿಗೊಮ್ಮೆ ಅರ್ಧವಾಗುವಂತೆ ರೂಪಿತವಾಗಿತ್ತು. 2014ರಲ್ಲಿ ಗಣಿಗಾರರು ಅದೇ ಬಗೆಯ ಯಂತ್ರ ಬಳಸುವ ಲೈಟ್‌ಕಾಯಿನ್‌ನತ್ತ ಸರಿಯತೊಡಗಿದರು. ಲೈಟ್‌ಕಾಯಿನ್‌ನ ನಿರ್ಮಾತೃ ಚಾರ್ಲಿ ಲೀ ಅವರು ಎರಡೂ ನಾಣ್ಯಗಳನ್ನು ಒಟ್ಟಿಗೆ ಮೈನ್ ಮಾಡುವ ವ್ಯವಸ್ಥೆಯನ್ನು ಸೂಚಿಸಿದರು. 2014ರ ಸೆಪ್ಟೆಂಬರ್‌ನಲ್ಲಿ ಅದು ಜಾರಿಗೆ ಬಂತು. ಒಂದೇ ಶ್ರಮಕ್ಕೆ ಎರಡು ಕೂಲಿ ದೊರೆತದ್ದರಿಂದ ದೊಡ್ಡ ನಾಣ್ಯದ ಕಾವಲುಗಾರರೇ ಸಣ್ಣದನ್ನೂ ಕಾಯತೊಡಗಿದರು. 2015ರಿಂದ ಡೋಜ್‌ಕಾಯಿನ್‌ನಲ್ಲಿ ನಿಮಿಷಕ್ಕೊಂದು ಪುಟಕ್ಕೆ 10,000 ನಾಣ್ಯಗಳ ಸ್ಥಿರ ಪ್ರತಿಫಲವಿದೆ. ವರ್ಷಕ್ಕೆ ಸುಮಾರು 525 ಕೋಟಿ ಹೊಸ ನಾಣ್ಯಗಳು ಚಲಾವಣೆಗೆ ಬರುತ್ತವೆ. ಅಂದರೆ ಕಾವಲಿನ ವೆಚ್ಚವನ್ನು ಹಣದುಬ್ಬರದ ರೂಪದಲ್ಲಿ ನಾಣ್ಯ ಹೊಂದಿರುವವರೆಲ್ಲರೂ ಭರಿಸುತ್ತಾರೆ.

ಈ ಮಾರ್ಗವೂ ಅಪಾಯರಹಿತವಲ್ಲ. ಬಿಟ್‌ಕಾಯಿನ್‌ನೊಂದಿಗೆ ಒಟ್ಟಿಗೆ ಮೈನ್ ಆಗುತ್ತಿದ್ದ ಕಾಯಿಲ್ಡ್‌ಕಾಯಿನ್ ಎಂಬ ಸಣ್ಣ ನಾಣ್ಯವನ್ನು 2012ರಲ್ಲಿ ಬಿಟ್‌ಕಾಯಿನ್ ಗಣಿಗಾರರ ಒಂದು ಗುಂಪಿನ ಶಕ್ತಿಯಿಂದಲೇ ನಿಷ್ಕ್ರಿಯಗೊಳಿಸಲಾಯಿತು. ಒಂದೇ ಶ್ರಮ ಎರಡಕ್ಕೂ ಸಲ್ಲುವುದರಿಂದ ದಾಳಿಗೆ ಪ್ರತ್ಯೇಕ ವೆಚ್ಚವೇ ಇರಲಿಲ್ಲ.

ಇಥೀರಿಯಂ 2022ರ ಸೆಪ್ಟೆಂಬರ್ 15ರಂದು ಮೈನಿಂಗನ್ನೇ ಕೈಬಿಟ್ಟಿತು. ಕೆಲಸ ಕಳೆದುಕೊಂಡ ಯಂತ್ರಗಳಲ್ಲಿ ಹಲವು ಇಥೀರಿಯಂ ಕ್ಲಾಸಿಕ್‌ಗೆ ಬಂದು ಅದರ ಕಾವಲು ಹಲವು ಪಟ್ಟು ಬಲವಾಯಿತು. ತಾನು ಏನನ್ನೂ ಮಾಡದೆ ಬಲಗೊಂಡದ್ದು, ಸಣ್ಣ ನಾಣ್ಯದ ಭದ್ರತೆ ಎಷ್ಟರಮಟ್ಟಿಗೆ ಪರಾಧೀನ ಎಂಬುದಕ್ಕೆ ನಿದರ್ಶನ.

ವರ್ತಕರು ಗಮನಿಸಬೇಕಾದ ಅಂಶಗಳು

1. ಭಾರತದಲ್ಲಿ ಯಾವುದೇ ಕ್ರಿಪ್ಟೋ ನಾಣ್ಯಕ್ಕೆ ಶಾಸನಬದ್ಧ ಹಣದ ಮಾನ್ಯತೆ ಇಲ್ಲ. 2022ರ ಏಪ್ರಿಲ್ 1ರಿಂದ ಇವುಗಳ ವರ್ಗಾವಣೆಯ ಆದಾಯದ ಮೇಲೆ ಶೇ. 30 ತೆರಿಗೆ ಜಾರಿಗೆ ಬಂತು. ಖರೀದಿ ಬೆಲೆಯ ಹೊರತು ಬೇರೆ ಖರ್ಚನ್ನು ಕಳೆಯಲಾಗಲೀ, ನಷ್ಟವನ್ನು ಬೇರೆ ಆದಾಯಕ್ಕೆ ಹೊಂದಿಸಲಾಗಲೀ ಅವಕಾಶ ನೀಡಲಿಲ್ಲ.

2. ನಾಣ್ಯದ ಹೆಸರು ಮತ್ತು ಬೆಲೆಗಿಂತ ಮುಖ್ಯವಾದದ್ದು, ಗಂಟೆಗೆ ಗಣಿಗಾರರಿಗೆ ಸಲ್ಲುವ ಪ್ರತಿಫಲದ ಮೌಲ್ಯ. ಅದನ್ನು ಕಾಯುವ ಗಂಟೆಗಳಿಂದ ಗುಣಿಸಿ ವ್ಯವಹಾರದ ಮೊತ್ತದೊಡನೆ ಹೋಲಿಸಬೇಕು.

3. ತನ್ನ ಬಗೆಯ ಯಂತ್ರಗಳಲ್ಲಿ ಆ ನಾಣ್ಯವೇ ದೊಡ್ಡದೋ, ಅಥವಾ ದೊಡ್ಡದೊಂದರ ನೆರಳಿನಲ್ಲಿರುವ ಸಣ್ಣದೋ ಎಂಬುದನ್ನು ವಿಚಾರಿಸಬೇಕು.

4. ಆರು ಪುಟಗಳಾದವು, ಹತ್ತು ಪುಟಗಳಾದವು ಎಂಬ ಎಣಿಕೆಯೊಂದೇ ಭರವಸೆಯಲ್ಲ. ಪುಟಗಳ ಹಿಂದಿರುವ ವೆಚ್ಚವೇ ಭರವಸೆ.

ಗೋದಾಮಿನ ಕಾವಲಿಗೆ ಎಷ್ಟು ಖರ್ಚು ಮಾಡಬೇಕೆಂಬುದನ್ನು ಒಳಗಿರುವ ಮಾಲಿನ ಬೆಲೆ ನೋಡಿ ನಿರ್ಧರಿಸುವುದು ವ್ಯಾಪಾರದ ಹಳೆಯ ವಿವೇಕ. ಕಾವಲಿನ ಕೂಲಿ ಕಡಿಮೆಯಿರುವ ನಾಣ್ಯದಲ್ಲಿ ಬಂದ ಹಣವನ್ನು ಪಾಸಾಗದ ಚೆಕ್ಕಿನಂತೆಯೇ ಕಾಣುವುದು ಲೇಸು.