ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ಪ್ರಶ್ನೆ: ಒಂಬತ್ತನೇ ತರಗತಿಯ ಮಗ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ನಂಬಿ ಹಂಚುತ್ತಾನೆ. ತಿದ್ದುವುದು ಹೇಗೆ? – ಓದುಗರು, ಭಾಲ್ಕಿ

ಉತ್ತರ: ಫೋನ್ ಕಸಿದರೆ ನಂಬುವ ಚಾಳಿ ಹೋಗುವುದಿಲ್ಲ, ಕಂಡದ್ದನ್ನೂ ಊಹೆಯನ್ನೂ ಬೇರ್ಪಡಿಸಲು ಕಲಿಸಿ. 2018ರ ಜುಲೈನಲ್ಲಿ ನಿಮ್ಮ ಪಕ್ಕದ ಔರಾದ್ ಭಾಗದಲ್ಲೇ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿದರು. ಮುರ್ಕಿ ಗ್ರಾಮದಲ್ಲಿ ಜನ ಅವರನ್ನು ಅಡ್ಡಗಟ್ಟಿ ಹೊಡೆದು, ಅವರಲ್ಲಿದ್ದ ಹೈದರಾಬಾದಿನ ಎಂಜಿನಿಯರೊಬ್ಬರ ಜೀವ ತೆಗೆದರು. ಚಾಕೊಲೇಟ್ ಕೊಟ್ಟದ್ದು ಕಂಡದ್ದು, ಕಳ್ಳರೆಂಬುದು ಬರೀ ಊಹೆ. ದಿನಕ್ಕೊಂದು ಸಂದೇಶ ಹಿಡಿದು, ಊಹೆಯ ಸಾಲುಗಳಿಗೆ ಅವನಿಂದಲೇ ಗೆರೆ ಎಳೆಸಿ. ಕಣ್ಣಾರೆ ನೋಡಿದವರು ಯಾರು, ಯಾವಾಗ, ಎಲ್ಲಿ ಎಂದು ಕೇಳಿ. ‘ನಿಜವಿದ್ದು ತಡವಾದರೆ?’ ಎಂದಾನು. ಹಾಗಿದ್ದರೆ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಲಿ, ಗ್ರೂಪಿಗೆ ಹಾಕುವುದು ಬೇಡ. ಇಂಥ ಸಂದೇಶಗಳ ಭಯದಿಂದ ಅವನು ನಿದ್ದೆಗೆಟ್ಟರೆ ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ.