ಸೋತ ರಾತ್ರಿ ಯಾವ ತೀರ್ಮಾನವೂ ಬೇಡ

ಕ್ಯಾಲನೂರಿನ ಹುಡುಗರೇ, ಬೆಂಗಳೂರು ಎಫ್‌ಸಿ ಸೋತ ದಿನ ನಿಮ್ಮ ಬಾಯಲ್ಲಿ ಬರುವ ಪಟ್ಟಿ ನನಗೂ ಬಾಯಿಪಾಠವಾಗಿದೆ. ಆ ಕೋಚ್‌ನನ್ನು ಕಳಿಸಿದ್ದೇ ತಪ್ಪು, ಈ ಆಟಗಾರನನ್ನು ಬಿಟ್ಟುಕೊಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು, ಮಾಲೀಕರಿಗೆ ಫುಟ್‌ಬಾಲೇ ಗೊತ್ತಿಲ್ಲ ಅನ್ನುತ್ತೀರಿ. ಬೈಯಿರಿ, ಬೇಡ ಅನ್ನುವುದಿಲ್ಲ. ನಮ್ಮವರು ಅಂದುಕೊಂಡವರನ್ನೇ ಅಲ್ಲವೇ ನಾವು ಬೈಯುವುದು? ಆದರೆ ಬೈದು ಮುಗಿದ ಮೇಲೆ ಸ್ವಲ್ಪ ಕೂತು ಯೋಚಿಸಿ. ಪಿಯುಸಿ ಆದ ಮೇಲೆ ಮುಂದೆ ಓದುವುದೋ, ನರಸಾಪುರದ ಫ್ಯಾಕ್ಟರಿಗೆ ಸೇರುವುದೋ, ಇರುವ ಎರಡೆಕರೆಯಲ್ಲಿ ಇನ್ನೊಂದು ಬೋರ್‌ವೆಲ್ ಕೊರೆಸುವುದೋ ಎಂದು ತೀರ್ಮಾನ ಮಾಡಬೇಕಾದ ವಯಸ್ಸು ನಿಮ್ಮದು. ಒಂದು ಕ್ಲಬ್ಬು ಎಲ್ಲಿ ಎಡವಿತು ಅನ್ನುವುದನ್ನು ಸರಿಯಾಗಿ ನೋಡಿದರೆ ನಿಮಗೇ ಉಪಯೋಗಕ್ಕೆ ಬರುತ್ತದೆ.

ಮೊದಲು ಎರಡು ಸೋಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2018ರ ಮಾರ್ಚ್ 17. ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂದ ಮೊದಲ ವರ್ಷವೇ ನಮ್ಮ ತಂಡ ಎಂಟು ಅಂಕಗಳ ಅಂತರದಿಂದ ಪಟ್ಟಿಯ ಮೇಲ್ತುದಿಯಲ್ಲಿತ್ತು. ಫೈನಲ್ ನಮ್ಮದೇ ಕಂಠೀರವ ಕ್ರೀಡಾಂಗಣದಲ್ಲಿ. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಗೋಲು ಹೊಡೆದಾಗ ಕಪ್ಪು ಬಂದೇಬಿಟ್ಟಿತು ಅಂತ ಎಲ್ಲರೂ ಅಂದುಕೊಂಡರು. ಕೊನೆಗೆ ಚೆನ್ನೈಯಿನ್ 3–2ರಿಂದ ಗೆದ್ದುಕೊಂಡು ಹೋಯಿತು. ಮನೆಯಂಗಳದ ಸೋಲು, ಹೊಟ್ಟೆ ಉರಿಯುವ ಸೋಲು. ಕೋಚ್ ಆಲ್ಬರ್ಟ್ ರೋಕಾ ಹೊರಟರು. ಕ್ಲಬ್ಬು ಗಾಬರಿಯಾಗಲಿಲ್ಲ. ರೋಕಾ ಜೊತೆಗೇ ಇದ್ದ ಸಹಾಯಕ ಕಾರ್ಲೆಸ್ ಕ್ವಾದ್ರತ್ ಕೈಗೆ ತಂಡ ಕೊಟ್ಟಿತು. ಛೆಟ್ರಿ, ಮಿಕು, ಗುರ್‌ಪ್ರೀತ್, ಉದಾಂತ, ರಾಹುಲ್ ಭೇಕೆ, ಎಲ್ಲರೂ ಉಳಿದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ಭೇಕೆ ತಲೆ ಕೊಟ್ಟ. ಗೋವಾ ಸೋತಿತು, ಕಪ್ಪು ಬಂತು.

ಈಗ ಇನ್ನೊಂದು. 2023ರ ಮಾರ್ಚ್ 18, ಗೋವಾದ ಫತೋರ್ಡಾ. ಮತ್ತೆ ಫೈನಲ್, ಆಟ 2–2 ಸಮವಾಗಿ, ಪೆನಾಲ್ಟಿಯಲ್ಲಿ ಮೋಹನ್ ಬಾಗಾನ್‌ಗೆ ಕಪ್ಪು ಹೋಯಿತು. ಮುಂದಿನ ತಿಂಗಳು ಸೂಪರ್ ಕಪ್ ಫೈನಲ್‌ನಲ್ಲೂ ಒಡಿಶಾ ಎದುರು ಸೋಲು. ಆ ಬೇಸಿಗೆಯಲ್ಲಿ ತಂಡ ಚದುರಿಹೋಯಿತು. ರಾಯ್ ಕೃಷ್ಣ ಒಡಿಶಾಕ್ಕೆ, ಸಂದೇಶ್ ಝಿಂಗನ್ ಗೋವಾಕ್ಕೆ, 2014ರಿಂದ ಇಲ್ಲೇ ಬೆಳೆದ ಉದಾಂತ ಸಿಂಗ್ ಕೂಡ ಗೋವಾಕ್ಕೆ. ಕ್ಲಬ್ಬಿಗೂ ಅದರದ್ದೇ ಆದ ದುಡ್ಡಿನ ಲೆಕ್ಕ, ಒಪ್ಪಂದದ ಲೆಕ್ಕ ಇರುತ್ತದೆ, ಅದನ್ನು ಅಲ್ಲಗಳೆಯಬೇಡಿ. ಆದರೂ ಫಲ ಕಣ್ಣಮುಂದಿದೆ. ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿ ನಾಲ್ಕು ಗೋಲು ಬಾರಿಸಿತು, ಮರುದಿನವೇ ಕೋಚ್ ಸೈಮನ್ ಗ್ರೇಸನ್‌ಗೆ ಬೀಳ್ಕೊಡುಗೆ. ಸೀಸನ್ ಮುಗಿದಾಗ ತಂಡ ಹತ್ತನೇ ಸ್ಥಾನದಲ್ಲಿತ್ತು.

ಎರಡೂ ಫೈನಲ್ ಸೋಲೇ. ಒಂದು ಕಡೆ ಕಟ್ಟಿದ್ದನ್ನು ಉಳಿಸಿಕೊಂಡರು, ಇನ್ನೊಂದು ಕಡೆ ಕಟ್ಟಿದ್ದು ಕೈಬಿಟ್ಟುಹೋಯಿತು. ಗೆಲುವಿನ ಹೊಸ್ತಿಲವರೆಗೆ ಹೋಗಿ ಎಡವಿದವನು ದಾರಿ ತಪ್ಪಿದವನಲ್ಲ. ಒಂದೆರಡು ಅಂಕದಲ್ಲಿ ಸೀಟು ತಪ್ಪಿದಾಗ ಪುಸ್ತಕವನ್ನೇ ಮಾರಿಬಿಡುವ ಹುಡುಗ ಹುಡುಗಿಯರಿಗೆ ಇದನ್ನು ಹೇಳುತ್ತಿದ್ದೇನೆ.

ಕ್ವಾದ್ರತ್ ವಿಷಯಕ್ಕೆ ಬರೋಣ. ನಿಮ್ಮ ಪಟ್ಟಿಯಲ್ಲಿ ಆತನ ಹೆಸರು ಮೇಲೇ ಇದೆ. ಕಪ್ಪು ತಂದುಕೊಟ್ಟವರನ್ನು 2021ರ ಜನವರಿಯಲ್ಲಿ, ಸತತ ಮೂರು ಪಂದ್ಯ ಸೋತ ಮೇಲೆ, ಸೀಸನ್ ನಡುವೆಯೇ ಕಳಿಸಿದರು. ಐಎಸ್‌ಎಲ್‌ಗೆ ಬಂದ ಮೇಲೆ ಮೊದಲ ಸಲ ಪ್ಲೇಆಫ್ ತಪ್ಪಿತು, ಏಳನೇ ಸ್ಥಾನ. ಅದೇ ಮನುಷ್ಯ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. ‘ನೋಡಿದಿರಾ ತಾತ?’ ಅನ್ನುತ್ತೀರಿ. ನೋಡಿದೆ. ಆದರೆ 2016 ಕೂಡ ನೆನಪಿರಲಿ. ಎರಡು ಐ-ಲೀಗ್ ಗೆದ್ದುಕೊಟ್ಟ ಆಶ್ಲಿ ವೆಸ್ಟ್‌ವುಡ್ ಅಂದು ಕ್ಲಬ್ ಬಿಟ್ಟರು. ಗೆದ್ದ ಕೋಚ್ ಹೋಗುವುದೇ ತಪ್ಪು ಅನ್ನುವುದಾದರೆ ತಂಡ ಮುಳುಗಬೇಕಿತ್ತು. ಬದಲಿಗೆ ಬಂದ ರೋಕಾ ಕೈಯಲ್ಲಿ ಅದೇ ನವೆಂಬರ್‌ನಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು. ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ಇನ್ನು 2022–23ರಲ್ಲಿ ಅರ್ಧ ಸೀಸನ್‌ವರೆಗೆ ತಂಡ ಪಟ್ಟಿಯ ಕೆಳಗೇ ಒದ್ದಾಡುತ್ತಿತ್ತು. ಗ್ರೇಸನ್‌ರನ್ನು ಆಗ ಕಳಿಸಲಿಲ್ಲ. ಲೀಗ್‌ನಲ್ಲಿ ಸತತ ಎಂಟು ಪಂದ್ಯ ಗೆದ್ದು ಫೈನಲ್ ಸೇರಿದರು.

ಇದರಿಂದ ಏನು ಕಲಿಯಬೇಕು? ಫಲ ನೋಡಿ ಬುದ್ಧಿ ಅಳೆಯಬೇಡಿ. ನಮ್ಮ ಟೊಮೆಟೊ ಕಥೆಯೂ ಇದೇ ತಾನೇ? 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದಾಗ, ಅದಕ್ಕೂ ಮುಂಚೆ ನಾಟಿ ಮಾಡಿದವರೆಲ್ಲ ಮೇಧಾವಿಗಳಾದರು. ಆ ರೇಟು ನೋಡಿ ಸಸಿ ತಂದವರು ಬೆಲೆ ಕುಸಿದಾಗ ದಡ್ಡರು ಅನ್ನಿಸಿಕೊಂಡರು. ಇಬ್ಬರ ತಲೆಯೂ ಅಷ್ಟೇ ಇತ್ತು. ತೀರ್ಮಾನ ಮಾಡಿದ ದಿನ ಕೈಯಲ್ಲಿ ಏನು ಮಾಹಿತಿ ಇತ್ತು, ಯಾರನ್ನು ಕೇಳಿದರು, ಎಷ್ಟು ನಷ್ಟ ತಡೆದುಕೊಳ್ಳುವ ಶಕ್ತಿ ಇತ್ತು ಎಂದು ಕೇಳಿ. ನಿಮ್ಮ ಅಪ್ಪನ ತೀರ್ಮಾನವನ್ನೂ ಹಾಗೇ ಅಳೆಯಿರಿ, ನಿಮ್ಮದನ್ನೂ.

ಸಿಟ್ಟಿನ ತೀರ್ಮಾನಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. 2023ರ ಮಾರ್ಚ್ 3ರ ಕಂಠೀರವ ನೆನಪಿದೆಯಲ್ಲ? ಕೇರಳ ಬ್ಲಾಸ್ಟರ್ಸ್ ಜೊತೆ ಪ್ಲೇಆಫ್, ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಪೆನಾಲ್ಟಿ ಪೆಟ್ಟಿಗೆಯ ಹೊರಗೆ ನಮಗೆ ಫ್ರೀಕಿಕ್. ಗೋಲ್‌ಕೀಪರ್ ಇನ್ನೂ ತನ್ನವರನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಛೆಟ್ರಿ ಶಿಳ್ಳೆಗೆ ಕಾಯದೆ ಚೆಂಡನ್ನು ಬಲೆಗೆ ಸೇರಿಸಿದ; ರೆಫರಿ ಗೋಲು ಅಂದರು. ಕೇರಳದ ಕೋಚ್ ಇವಾನ್ ವುಕೊಮನೋವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಬಿಟ್ಟರು. ಗೋಲು ಸರಿಯೋ ತಪ್ಪೋ, ಆ ವಾದ ಇವತ್ತಿಗೂ ಮುಗಿದಿಲ್ಲ. ಆದರೆ ಗಡಿಯಾರ ನೋಡಿ. ಇನ್ನೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಆಟ ಬಾಕಿ ಇತ್ತು. ಒಂದು ಗೋಲು ಸಾಕಿತ್ತು. ಬಿಟ್ಟುಹೋದದ್ದಕ್ಕೆ ಪಂದ್ಯ ಹೋಯಿತು, ಕೇರಳದ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ ಹತ್ತು ಪಂದ್ಯ ನಿಷೇಧ. ಅನ್ಯಾಯ ಆಯಿತು ಅನ್ನಿಸಿದರೂ ಅಂಕಣದಲ್ಲೇ ನಿಂತು ಆಡಿ ಮುಗಿಸಿ. ದೂರು ಆಮೇಲೆ ಬರೆದುಕೊಡಿ.

ಅದರ ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ನಂತರ. ಫ್ರೀಕಿಕ್ ಜಗಳದ ಗದ್ದಲದಲ್ಲಿ ಅದು ಎಷ್ಟು ಜನರ ಕಿವಿಗೆ ಬಿತ್ತು? ಜಗಳಕ್ಕೆ ಕೊಡುವ ಹೊತ್ತಿನಲ್ಲಿ ಸ್ವಲ್ಪ ಇಂಥದಕ್ಕೂ ಇರಲಿ.

2021ರ ಮೇ ತಿಂಗಳ ಮಾಲ್ಡೀವ್ಸ್ ಪ್ರಸಂಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಎಫ್‌ಸಿ ಕಪ್ ಆಡಲು ಹೋದ ತಂಡದ ಕೆಲವರು ಕೋವಿಡ್ ನಿಯಮ ಮುರಿದು ಹೊರಗೆ ಓಡಾಡಿದರು. ದೇಶ ಬಿಟ್ಟು ಹೋಗಿ ಎಂದು ಅಲ್ಲಿನ ಕ್ರೀಡಾ ಸಚಿವರು ಹೇಳಿಬಿಟ್ಟರು. ಮಾಲೀಕ ಪಾರ್ಥ್ ಜಿಂದಾಲ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ನಿಮ್ಮ ಒಂದು ಸಂಜೆಯ ತಿರುಗಾಟಕ್ಕೆ ಜೊತೆಯವರೆಲ್ಲ ತಲೆ ತಗ್ಗಿಸುವ ಹಾಗಾಗಬಾರದು. ಆದರೆ ತಡಮಾಡದೆ ಕ್ಷಮೆ ಕೇಳಿದ್ದನ್ನು ಮೆಚ್ಚಬೇಕು.

ನನ್ನನ್ನು ಕೇಳಿದರೆ, ಇವೆಲ್ಲಕ್ಕಿಂತ ಕೆಟ್ಟ ತೀರ್ಮಾನ ಮೈದಾನದ ಹೊರಗಿನದು. 2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್ ನಡೆಯುವುದೋ ಇಲ್ಲವೋ ಎಂಬ ಅನಿಶ್ಚಿತತೆ ಎದುರಾದಾಗ, ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ಕ್ಲಬ್ಬು ತಡೆಹಿಡಿಯಿತು. ಫುಟ್‌ಬಾಲ್ ಒಕ್ಕೂಟ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ನವೀಕರಣವಾಗದೆ ಎಲ್ಲ ಕ್ಲಬ್ಬುಗಳೂ ಕಷ್ಟದಲ್ಲಿದ್ದವು, ನಿಜ. ಆದರೂ ತಪ್ಪಿದ ಕೋಚ್‌ನನ್ನು ಬದಲಿಸಬಹುದು, ಹೋದ ಕಪ್ಪನ್ನು ಮತ್ತೆ ಗೆಲ್ಲಬಹುದು. ದುಡಿದವನ ತಿಂಗಳ ಅನ್ನಕ್ಕೆ ಕೈ ಹಾಕಿದರೆ ನಂಬಿಕೆ ಮತ್ತೆ ಹುಟ್ಟುವುದು ಬಹಳ ಕಷ್ಟ. ನಾಳೆ ನೀವು ಅಂಗಡಿ ಇಡಬಹುದು, ತೋಟಕ್ಕೆ ನಾಲ್ಕು ಜನ ಕೂಲಿಯವರನ್ನು ಕರೆಯಬಹುದು. ಕಷ್ಟ ಬಂದಾಗ ಮೊದಲ ಕತ್ತರಿ ಅವರ ಕೂಲಿಗೆ ಬೀಳದಿರಲಿ.

ಕಂಠೀರವಕ್ಕೆ ಹೋಗಿ, ವೆಸ್ಟ್ ಬ್ಲಾಕ್‌ನ ಅಭಿಮಾನಿಗಳ ಜೊತೆ ಗಂಟಲು ಹರಿಯುವಷ್ಟು ಕೂಗಿ, ಸೋತರೆ ಬೈಯಿರಿ. ಬಸ್ಸು ಹಿಡಿದು ಮನೆಗೆ ಬಂದು ಊಟ ಮಾಡಿ ಮಲಗಿ. ಕಾಲೇಜು ಬಿಡುವುದು, ಕೆಲಸ ಬಿಡುವುದು, ಸ್ನೇಹ ಕಡಿದುಕೊಳ್ಳುವುದು, ಏನೇ ಇದ್ದರೂ ಬೆಳಗ್ಗೆ ಎದ್ದು ಮನೆಯವರ ಜೊತೆ ಕೂತು ತೀರ್ಮಾನಿಸಿ.