ತೊಟ್ಟಿಗೂ ಹೆಪ್ಪು ಬೇಕು

ಮೊದಲ ಮೀನು ಸತ್ತಾಗ ನಾನು ತೊಟ್ಟಿಯನ್ನು ತೊಳೆದೆ. ಎರಡನೆಯದು ಸತ್ತಾಗ ಇನ್ನಷ್ಟು ಉಜ್ಜಿ ತೊಳೆದೆ. ತಳದ ಕಲ್ಲುಗಳನ್ನು ಬಕೆಟ್ಟಿಗೆ ಸುರಿದು ಅಕ್ಕಿ ತೊಳೆಯುವ ಹಾಗೆ ಮೂರು ನೀರಲ್ಲಿ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಕಂದು ನೀರು ನಿಲ್ಲುವವರೆಗೂ ಹಿಂಡಿ, ಹೊಸ ನೀರು ತುಂಬಿದೆ. ತೊಟ್ಟಿಯ ಆಚೆ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ತಿಥಿಯನ್ನು ಈಚೆಯಿಂದ ಓದಬಹುದಿತ್ತು, ಅಷ್ಟು ತಿಳಿಯಾಗಿತ್ತು ನೀರು. ಹದಿನೈದು ದಿನ ಕಳೆಯುವಷ್ಟರಲ್ಲಿ ಹನ್ನೆರಡು ಮೀನಿನಲ್ಲಿ ಉಳಿದದ್ದು ಮೂರು.

ಇದು 2014ರ ಮಾತು. ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಮನೆ. ಕಬ್ಬನ್ ಪಾರ್ಕಿನ ಮತ್ಸ್ಯಾಲಯ ನೋಡಿ ಬಂದ ಮೇಲೆ ಆರು ವರ್ಷದ ಮಗ ದಿನವೂ ಮೀನು ಮೀನು ಎನ್ನುತ್ತಿದ್ದ. ಎರಡು ಅಡಿ ಉದ್ದದ, 50 ಲೀಟರಿನ ತೊಟ್ಟಿ ತಂದೆವು. ನಾಲ್ಕು ಗಪ್ಪಿ, ನಾಲ್ಕು ನಿಯಾನ್ ಟೆಟ್ರಾ, ಎರಡು ಏಂಜೆಲ್, ಎರಡು ಗೋಲ್ಡ್‌ಫಿಶ್. ಅಂಗಡಿಯವರು ಎಲ್ಲವೂ ಒಟ್ಟಿಗೆ ಇರುತ್ತವೆ ಎಂದರು. ಅದೇ ಸಂಜೆ ನೀರು ತುಂಬಿ ಬಿಟ್ಟೆವು.

ಉಳಿದ ಮೂರನ್ನಾದರೂ ಉಳಿಸಿಕೊಳ್ಳಬೇಕೆಂದು ವಿಚಾರಿಸುತ್ತಾ ಹೋದಾಗ, ತಾರಸಿಯ ಮೇಲೆ ಇಪ್ಪತ್ತು ವರ್ಷದಿಂದ ಗಪ್ಪಿ ಮರಿ ಮಾಡಿಸುತ್ತಿದ್ದ ಹಿರಿಯರೊಬ್ಬರ ಪರಿಚಯವಾಯಿತು. ಅವರು ಮೀನಿನ ವಿಷಯವನ್ನೇ ಎತ್ತಲಿಲ್ಲ.

“ಸ್ಪಂಜ್ ಎಲ್ಲಿ ತೊಳೀತೀಯಮ್ಮ?”

“ನಲ್ಲಿ ಕೆಳಗೆ, ಸರ್.”

“ನೀನು ಹಾಲಿಗೆ ಹೆಪ್ಪು ಹಾಕ್ತೀಯಲ್ಲ, ಆ ಹೆಪ್ಪನ್ನ ಬಿಸಿನೀರಲ್ಲಿ ತೊಳೆದು ಹಾಕಿದ್ರೆ ಮೊಸರಾಗುತ್ತಾ? ತೊಟ್ಟಿಗೂ ಹೆಪ್ಪು ಬೇಕು. ನೀನು ಅದನ್ನೇ ತೊಳೆದು ಚೆಲ್ತಾ ಇದ್ದೀಯ.”

ಮೀನು ಸಾಕುವುದರಲ್ಲಿ ನಾನು ಕಲಿತದ್ದರ ಮುಕ್ಕಾಲು ಪಾಲು ಆ ಒಂದು ಮಾತಿನಲ್ಲಿದೆ. ಮೀನು ತನ್ನ ಕಿವಿರಿನಿಂದಲೂ ಮಲದಿಂದಲೂ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಅಮೋನಿಯಾ. ಅದಕ್ಕೆ ಬಣ್ಣವಿಲ್ಲ, ಮೀನನ್ನು ಕೊಲ್ಲುವಷ್ಟಿದ್ದರೂ ನೀರು ತಿಳಿಯಾಗಿಯೇ ಕಾಣುತ್ತದೆ. ಸ್ಪಂಜಿನಲ್ಲಿ, ಕಲ್ಲಿನ ಮೈಮೇಲೆ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟೂ ವಿಷವೇ, ಅದು ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟಿಗೆ ತಿರುಗಿಸುತ್ತದೆ. ನೈಟ್ರೇಟನ್ನು ಮೀನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ, ಗಿಡಗಳು ಹೀರಿಕೊಳ್ಳುತ್ತವೆ. ಹೊಸ ತೊಟ್ಟಿಯಲ್ಲಿ ಈ ಎರಡೂ ಬಗೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಆರು ಗಂಟೆಯನ್ನೂ ಕೊಟ್ಟಿರಲಿಲ್ಲ. ಆಮೇಲೆ ಅಷ್ಟಿಷ್ಟು ಹುಟ್ಟಿದ್ದನ್ನೂ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಪ್ರತಿವಾರ ಕೊಂದಿದ್ದೆ.

ಅವರು ತಮ್ಮ ತೊಟ್ಟಿಯಿಂದ ಒಂದು ತುಂಡು ಹಳೆಯ ಸ್ಪಂಜನ್ನು ಕತ್ತರಿಸಿ, ಅದೇ ನೀರಿರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಕಂದುಗಟ್ಟಿ ಲೋಳೆಲೋಳೆಯಾಗಿದ್ದ ಆ ತುಂಡನ್ನು ನಾನು ಹೆಪ್ಪಿನ ಬಟ್ಟಲಿನಷ್ಟೇ ಜೋಪಾನವಾಗಿ ಮನೆಗೆ ತಂದೆ. ಆವತ್ತಿನಿಂದ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ತೊಳೆದದ್ದಿಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಹಿಂದಿನ ದಿನವೇ ಬಾಯಿ ತೆರೆದು ಇಟ್ಟ ಬಕೆಟ್ಟಿನ ನೀರು ಹಾಕುತ್ತೇನೆ. ಅವಸರವಿದ್ದರೆ ಆಂಟಿ ಕ್ಲೋರಿನ್ ಹನಿ. ಸ್ಪಂಜನ್ನು ಹಿಂಡುವುದು ತೊಟ್ಟಿಯಿಂದ ತೆಗೆದ ಆ ಹಳೆಯ ನೀರಿನಲ್ಲೇ, ಅದೂ ನೀರಿನ ಹರಿವು ಕಮ್ಮಿಯಾದಾಗ ಮಾತ್ರ. ಶುಕ್ರವಾರ ಬಂದರೆ ಹೊಸಿಲು ತೊಳೆದು, ದೇವರ ಪಾತ್ರೆ ಬೆಳಗಿ ಬೆಳೆದವಳು ನಾನು. ಕೊಳೆಯಂತೆ ಕಾಣುವ ಒಂದನ್ನು ಮುಟ್ಟದೆ ಬಿಡುವುದು ನನಗೆ ಸುಲಭವಾಗಿರಲಿಲ್ಲ.

ನೀರಿನ ಗಡಸುತನವೂ ಆಗಲೇ ಅರ್ಥವಾಯಿತು. ನಮ್ಮ ಬೀದಿಗೆ ಕಾವೇರಿ ನೀರು ದಿನಬಿಟ್ಟು ದಿನ ಬರುತ್ತದೆ, ಮಿಕ್ಕ ದಿನ ಬೋರ್‌ವೆಲ್. ಬೋರಿನ ನೀರಿನಲ್ಲಿ ಪಾತ್ರೆಯ ಮೇಲೆ ಬಿಳಿ ಕಲೆ ಕೂರುತ್ತದಲ್ಲ, ಆ ನೀರು ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಒಗ್ಗುತ್ತದೆ. ದಕ್ಷಿಣ ಅಮೆರಿಕದ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾಗೆ ಅದು ಕಷ್ಟ. ಗೋಲ್ಡ್‌ಫಿಶ್ ಅಂತೂ ತಂಪು ನೀರಿನ ಮೀನು, ದೊಡ್ಡದಾಗುವ ಮೀನು. ಅದನ್ನು ಈ ಗುಂಪಿಗೆ ಸೇರಿಸಲೇಬಾರದಿತ್ತು. ಇರುವ ನೀರಿಗೆ ಒಗ್ಗುವ ಮೀನನ್ನು ತರುವುದೇ ಸರಿ ಎಂದು ಗಪ್ಪಿ, ಮೋಲಿಗಳಿಗೇ ನಿಂತೆವು. ತೊಟ್ಟಿಯ ಅಂಚಿನಿಂದ ಮನಿ ಪ್ಲಾಂಟಿನ ಬೇರನ್ನು ನೀರಿಗೆ ಇಳಿಬಿಟ್ಟಿದ್ದೇನೆ, ನೈಟ್ರೇಟ್ ಹೀರಿ ಅದು ಗೋಡೆಯುದ್ದ ಹಬ್ಬಿದೆ.

ಆಹಾರದ ವಿಷಯದಲ್ಲಿ ನಮ್ಮ ಮನೆಯಲ್ಲಿ ಎಲ್ಲರದೂ ಧಾರಾಳ ಕೈ. ಮೀನು ಗಾಜಿನ ಹತ್ತಿರ ಬಂದರೆ ಹಸಿವು ಎಂದುಕೊಂಡು ಹೋದವರು ಬಂದವರೆಲ್ಲ ಒಂದು ಚಿಟಿಕೆ ಹಾಕುತ್ತಿದ್ದರು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಸಾಕು, ವಾರಕ್ಕೊಂದು ದಿನ ಏನೂ ಹಾಕದಿದ್ದರೂ ಬೆಳೆದ ಮೀನಿಗೆ ಒಳ್ಳೆಯದೇ ಎಂದು ಹೇಳಿದಾಗ ಅತ್ತೆಯೇ ಆ ಕೆಲಸ ವಹಿಸಿಕೊಂಡರು.

ಡಿಸೆಂಬರಿನಲ್ಲಿ ಮತ್ತೊಂದು ಪಾಠ. ಬೆಂಗಳೂರಿನ ರಾತ್ರಿ 15 ಡಿಗ್ರಿಗೆ ಇಳಿದಿತ್ತು, ತೊಟ್ಟಿಯಲ್ಲಿ ಹೀಟರ್ ಇರಲಿಲ್ಲ. ಉಷ್ಣವಲಯದ ಮೀನಿಗೆ 24ರಿಂದ 27 ಡಿಗ್ರಿ ಬೇಕು. ಬೆಳಿಗ್ಗೆ ನೋಡಿದರೆ ರೆಕ್ಕೆಗಳ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ, ಮೀನುಗಳು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಈ ಚುಕ್ಕೆ ತರುವ ಪರೋಪಜೀವಿ ಮೀನಿನ ಚರ್ಮದೊಳಗೆ ಇರುವಾಗ ಔಷಧ ಅದಕ್ಕೆ ತಾಗುವುದಿಲ್ಲ. ಅದು ಉದುರಿ, ತಳದಲ್ಲಿ ನೂರಾರು ಮರಿಯಾಗಿ, ಹೊಸ ಮೀನನ್ನು ಹುಡುಕಿ ಈಜುವಾಗ ಮಾತ್ರ ಸಾಯುತ್ತದೆ. ಹೀಟರ್ ತಂದು ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ಏರಿಸಿ ಅದರ ಜೀವನಚಕ್ರವನ್ನು ಚುರುಕುಗೊಳಿಸಿದೆ, ಲೀಟರಿಗೆ ಎರಡು ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯೆಂದು ಗಾಳಿಯ ಪಂಪ್ ಹಗಲೂ ರಾತ್ರಿ ಓಡಿಸಿದೆ. ಚುಕ್ಕೆ ನಾಲ್ಕನೇ ದಿನವೇ ಮಾಯವಾದರೂ ಎರಡು ವಾರ ನಿಲ್ಲಿಸಲಿಲ್ಲ. ಒಂದೂ ಸಾಯಲಿಲ್ಲ.

ಮೀನಿನ ವಿಷಯದಲ್ಲಿ ಕೈ ಕುದುರಿತು ಎನ್ನುವ ಹೊತ್ತಿಗೆ, 2016ರಲ್ಲಿ, ಮಗನ ಹುಟ್ಟುಹಬ್ಬಕ್ಕೆ ಬಂಧುವೊಬ್ಬರು ಎರಡು ಆಮೆ ಮರಿ ತಂದುಕೊಟ್ಟರು. ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡವು, ಎಲೆಹಸಿರು ಚಿಪ್ಪು, ಕಣ್ಣಿನ ಹಿಂದೆ ಕುಂಕುಮ ಎಳೆದಂತೆ ಕೆಂಪು ಪಟ್ಟೆ. ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪಿ ನದಿಯ ಸೀಮೆಯ ಆಮೆ. ಜೊತೆಗೆ ನಡುವೆ ಪ್ಲಾಸ್ಟಿಕ್ ತೆಂಗಿನ ಮರವಿದ್ದ ಒಂದು ಡಬ್ಬಿ, ಒಂದು ಶೀಸೆ ಒಣ ಸೀಗಡಿ. ಇಷ್ಟೇ ದೊಡ್ಡದಿರುತ್ತವೆ ಎಂದು ಅಂಗಡಿಯಲ್ಲಿ ಹೇಳಿದ್ದರಂತೆ.

ಐದು ತಿಂಗಳಿಗೆ ಒಂದರ ಕಣ್ಣು ಊದಿ ಮುಚ್ಚಿಕೊಂಡಿತು. ಊಟ ಬಿಟ್ಟಿತು. ಇನ್ನೊಂದರ ಚಿಪ್ಪಿನ ಅಂಚು ಒತ್ತಿದರೆ ಹಪ್ಪಳದ ಹಿಟ್ಟಿನಂತೆ ಬಾಗುತ್ತಿತ್ತು. ನಾಯಿ ಬೆಕ್ಕು ನೋಡುವ ಎರಡು ಕಡೆ ಆಮೆ ನೋಡುವುದಿಲ್ಲವೆಂದರು. ಮೂರನೆಯ ಕಡೆ ಪಶುವೈದ್ಯೆ ಮೊದಲು ಕೇಳಿದ್ದು ಬಿಸಿಲಿನ ವಿಷಯ.

“ಕಿಟಕಿ ಪಕ್ಕದಲ್ಲೇ ಇಟ್ಟಿದ್ದೀನಿ ಡಾಕ್ಟ್ರೇ, ಬೆಳಿಗ್ಗೆ ಒಳ್ಳೆ ಬಿಸಿಲು ಬೀಳುತ್ತೆ.”

“ಗಾಜು ತೆಗೆದಿರುತ್ತೀರಾ?”

ತೆಗೆದಿರುತ್ತಿರಲಿಲ್ಲ. ಬಿಸಿಲಿನ ಯುವಿಬಿ ಕಿರಣ ಚರ್ಮಕ್ಕೆ ಬಿದ್ದರೆ ಆಮೆಯ ದೇಹದಲ್ಲಿ ಡಿ3 ವಿಟಮಿನ್ ಆಗುತ್ತದೆ, ಅದಿದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಚಿಪ್ಪಿಗೂ ಮೂಳೆಗೂ ಸೇರುತ್ತದೆ. ಕಿಟಕಿಯ ಗಾಜು ಬೆಳಕನ್ನೂ ಬಿಸಿಯನ್ನೂ ಒಳಗೆ ಬಿಟ್ಟು ಈ ಕಿರಣವನ್ನು ತಡೆಯುತ್ತದೆ. ಬರೀ ಒಣ ಸೀಗಡಿಯಲ್ಲಿ ಎ ವಿಟಮಿನ್ ಸಾಲದು, ಕಣ್ಣು ಊದಿದ್ದು ಅದಕ್ಕೆ. ವೈದ್ಯೆ ಎ ವಿಟಮಿನ್ ಅನ್ನು ತೂಕ ನೋಡಿ ತಾವೇ ಕೊಟ್ಟರು. ಅಳತೆ ಮೀರಿದರೆ ಅದೂ ವಿಷವಾಗುವುದರಿಂದ ಮನೆಯಲ್ಲಿ ಪ್ರಯೋಗ ಬೇಡವೆಂದರು. ಕಣ್ಣು ಮುಚ್ಚಿಕೊಂಡಿದ್ದ ಮರಿ ಒಂಬತ್ತನೆಯ ದಿನ ಸತ್ತಿತು. ಅದನ್ನು ಮಗ ದಾಸವಾಳದ ಬುಡದಲ್ಲಿ ಮಣ್ಣು ಮಾಡಿದ. ಆ ಸಾವನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ. ಐದು ತಿಂಗಳು ದಿನವೂ ಅದರ ಮುಖ ನೋಡಿದವಳು ನಾನು.

ಉಳಿದದ್ದು ಹೆಣ್ಣು. ಅದಕ್ಕೆ ಮಾಡಿದ ಏರ್ಪಾಟು ಹೀಗೆ. ಪೂರ್ತಿ ಮೈ ಒಣಗುವಂತೆ ಹತ್ತಿ ಕೂರಲು ಒಂದು ಜಗಲಿ, ಅದರ ಮೇಲೆ 32 ಡಿಗ್ರಿ ಬಿಸಿ ಕೊಡುವ ಬಲ್ಬು, ಪಕ್ಕದಲ್ಲಿ ಯುವಿಬಿ ದೀಪ. ಈ ದೀಪ ಉರಿಯುತ್ತಿದ್ದರೂ ಒಂದು ವರ್ಷದೊಳಗೆ ಅದರ ಕಿರಣ ಕುಂದುತ್ತದೆ, ಬದಲಿಸಬೇಕು. ಬೆಳಿಗ್ಗೆ ಅರ್ಧ ಗಂಟೆ ಬಾಲ್ಕನಿಯ ನೇರ ಬಿಸಿಲು, ಆದರೆ ಅರ್ಧ ನೆರಳು ಇರಲೇಬೇಕು. ಸಣ್ಣ ಟಬ್ಬಿನ ನೀರು ಬಿಸಿಲಿಗೆ ಬೇಗ ಕಾಯುತ್ತದೆ, ಆಮೆ ಅಲ್ಲೇ ಬೆಂದುಹೋದೀತು. ಕಾಗೆ ಹದ್ದುಗಳಿಗೆ ಮೇಲೊಂದು ಜಾಲರಿ. ಆಮೆ ನೀರಿನಲ್ಲಿದ್ದರೆ ಮಾತ್ರ ನುಂಗಬಲ್ಲದು, ಹಾಗಾಗಿ ಊಟ ನೀರಿನಲ್ಲೇ. ಮರಿಯಿದ್ದಾಗ ದಿನವೂ ಪೆಲೆಟ್, ಎರೆಹುಳು. ಬೆಳೆದಂತೆ ಸೊಪ್ಪು ಹೆಚ್ಚು. ದಾಸವಾಳದ ಎಲೆ, ಕ್ಯಾರೆಟ್ ತುರಿ, ಕುಂಬಳಕಾಯಿ ಅದಕ್ಕೆ ಇಷ್ಟ. ಮೀನಿಗಿಂತ ಎಷ್ಟೋ ಪಾಲು ಹೆಚ್ಚು ಗಲೀಜು ಮಾಡುತ್ತದೆ, ತೊಟ್ಟಿಯ ಅಳತೆಗೆ ಹೇಳಿದ್ದಕ್ಕಿಂತ ಎರಡರಷ್ಟು ಶಕ್ತಿಯ ಫಿಲ್ಟರ್ ಬೇಕಾಯಿತು. ಅದಕ್ಕೂ ಹೆಪ್ಪು ಹೋದದ್ದು ನಮ್ಮ ಗಪ್ಪಿ ತೊಟ್ಟಿಯಿಂದಲೇ. ಎರಡನ್ನೂ ಒಂದೇ ತೊಟ್ಟಿಯಲ್ಲಿ ಇಡಲಾಗದು, ಆಮೆ ಮೀನನ್ನು ತಿನ್ನುತ್ತದೆ.

ಮುಟ್ಟಿದವರು ಸೋಪಿನಿಂದ ಕೈ ತೊಳೆಯಬೇಕು, ಆಮೆಯ ಸಾಮಾನು ಅಡುಗೆಮನೆಯ ಸಿಂಕಿಗೆ ಬರಕೂಡದು. ಆರೋಗ್ಯವಾಗಿ ಕಾಣುವ ಆಮೆಯ ಮೈಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಮಕ್ಕಳಿಗೆ ಅದು ತಗಲುತ್ತಿದ್ದ ಕಾರಣಕ್ಕೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು.

ಈಗ ನಮ್ಮ ಆಮೆಯ ಚಿಪ್ಪು 23 ಸೆಂಟಿಮೀಟರ್. ತೊಟ್ಟಿ 300 ಲೀಟರಿನದು, ಹಜಾರದ ಒಂದು ಗೋಡೆಯನ್ನೇ ಹಿಡಿದಿದೆ. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ಬದುಕುವ ಜೀವ. ಮಗ ಓದಲು ಬೇರೆ ಊರಿಗೆ ಹೋದರೆ ನೋಡಿಕೊಳ್ಳಬೇಕಾದವರು ನಾವು ಇಬ್ಬರೇ.

ಇಷ್ಟು ದೊಡ್ಡದಾದಾಗ ಜನ ಇವನ್ನು ಕೆರೆಗೆ ಬಿಡುತ್ತಾರೆ. ಪುಣ್ಯದ ಕೆಲಸವೆಂದೇ ತಿಳಿದು ಬಿಡುತ್ತಾರೆ. ಹಾಗೆ ಬಿಟ್ಟ ಆಮೆ ನಮ್ಮ ಕೆರೆಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಕಿತ್ತುಕೊಳ್ಳುತ್ತದೆ; ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಹಾಗೆಂದು ಅದೃಷ್ಟಕ್ಕಾಗಿ ನಮ್ಮ ನಾಡಿನ ನಕ್ಷತ್ರ ಆಮೆಯನ್ನು ತಂದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಮೀನು ಸಾಕುವ ಆಸೆಯಿದ್ದರೆ ಹಳೆಯ ತೊಟ್ಟಿ ಇರುವವರ ಮನೆ ಹುಡುಕಿ, ಒಂದು ತುಂಡು ಸ್ಪಂಜ್ ಕೇಳಿ ತನ್ನಿ, ಆಮೇಲೆ ಮೀನು ತನ್ನಿ. ಆಮೆ ಈಗಾಗಲೇ ಮನೆಯಲ್ಲಿದ್ದರೆ ಇವತ್ತೇ ಅದರ ಚಿಪ್ಪನ್ನು ಒತ್ತಿ ನೋಡಿ, ಕಿಟಕಿಯ ಗಾಜನ್ನು ಸರಿಸಿ. ಇನ್ನೂ ತಂದಿಲ್ಲವಾದರೆ, ಆ ಪುಟ್ಟ ಹಸಿರು ಮರಿ ಎಷ್ಟೇ ಮುದ್ದಾಗಿ ಕಂಡರೂ, ದಯವಿಟ್ಟು ಕೊಳ್ಳಬೇಡಿ.